ಜ್ಯಾಂಗೊ 1.11: ಬೆಂಬಲ ಮುಗಿದ ಆವೃತ್ತಿಯನ್ನು ಇಂದಿನ ಸರ್ವರ್‌ನಲ್ಲಿ ಓಡಿಸುವವರಿಗಾಗಿ ಒಂದು ವಿಮರ್ಶೆ

ತಂತ್ರಾಂಶಗಳ ವಿಮರ್ಶೆ ಸಾಮಾನ್ಯವಾಗಿ ಹೊಸ ಆವೃತ್ತಿ ಹೊರಬಂದ ವಾರದಲ್ಲಿ ಪ್ರಕಟವಾಗುತ್ತದೆ. ಆದರೆ ಈ ಕಸುಬಿನಲ್ಲಿ ಇರುವವರ ಬಹುಪಾಲು ಸಮಯ ಹಳೆಯ ಆವೃತ್ತಿಗಳ ಜೊತೆಗೇ ಕಳೆಯುತ್ತದೆ. ಹಾಗಾಗಿ 2017ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ, ಮೂರು ವರ್ಷಗಳ ದೀರ್ಘಾವಧಿ ಬೆಂಬಲವನ್ನು ಪೂರೈಸಿ, 2020ರ ಏಪ್ರಿಲ್‌ನಲ್ಲಿ ನಿವೃತ್ತವಾದ ಜ್ಯಾಂಗೊ 1.11 ಎಂಬ, ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ನೆರವಾಗುವ ಫ್ರೇಮ್‌ವರ್ಕ್ ಇಂದು ಹೇಗೆ ನಡೆದುಕೊಳ್ಳುತ್ತದೆ, ಎಲ್ಲೆಲ್ಲಿ ಎಡವುತ್ತದೆ, ಎಡವಿದಾಗ ಏನು ಮಾಡಬೇಕು ಎಂಬುದನ್ನು ಒಬ್ಬ ನಿರ್ವಾಹಕನ ದೃಷ್ಟಿಯಿಂದ ಇಲ್ಲಿ ಬರೆದಿದ್ದೇನೆ. ಪೈಥಾನ್ 2.7 ಅನ್ನು ಬೆಂಬಲಿಸಿದ ಕೊನೆಯ ಜ್ಯಾಂಗೊ ಇದು. ಆ ಕಾರಣಕ್ಕೇ ಎಷ್ಟೋ ಸಂಸ್ಥೆಗಳು ಇಲ್ಲಿಯವರೆಗೆ ಬಂದು, ಮುಂದಿನ ಹೆಜ್ಜೆ ಇಡಲು ಧೈರ್ಯ ಸಾಲದೆ ನಿಂತುಬಿಟ್ಟವು. ಕಾಲೇಜಿನ ಫಲಿತಾಂಶದ ಪುಟ, ಸಹಕಾರ ಸಂಘದ ಸದಸ್ಯರ ಪಟ್ಟಿ, ಸಣ್ಣ ಪತ್ರಿಕೆಯೊಂದರ ಚಂದಾ ವ್ಯವಸ್ಥೆ, ಇಂಥವು ನನ್ನ ಕೈಗೆ ಬಂದಾಗ ಒಳಗೆ ಕಾಣುವುದು ಬಹುಮಟ್ಟಿಗೆ ಇದೇ ಆವೃತ್ತಿ.

ಈ ಫ್ರೇಮ್‌ವರ್ಕ್ ತನ್ನಷ್ಟಕ್ಕೆ ತಾನು ಕೆಡುವುದು ಬಹಳ ಕಡಿಮೆ ಎಂಬುದು ನನ್ನ ಅನುಭವದ ಸಾರ. ಅದರ ಸುತ್ತಲಿನ ಪೈಥಾನ್, ಡೇಟಾಬೇಸ್, ಇನ್‌ಸ್ಟಾಲ್ ಮಾಡುವ ಪರಿಕರ, ಬಳಕೆದಾರರ ಬ್ರೌಸರ್ ಇವುಗಳಲ್ಲಿ ಯಾವುದೋ ಒಂದು ಕದಲಿದಾಗ ದೋಷದ ಸಂದೇಶ ಮಾತ್ರ ಜ್ಯಾಂಗೊ ಹೆಸರಿನಲ್ಲಿ ಬರುತ್ತದೆ. ಆದ್ದರಿಂದ ಟ್ರೇಸ್‌ಬ್ಯಾಕ್ (ದೋಷ ಎಲ್ಲಿ ಹುಟ್ಟಿತು ಎಂದು ತೋರಿಸುವ ಸಾಲುಗಳ ಪಟ್ಟಿ) ಕಂಡ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ‘ಕೋಡಿನಲ್ಲಿ ಏನು ತಪ್ಪಿದೆ’ ಎಂಬುದಲ್ಲ, ‘ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತು’ ಎಂಬುದು. ಉತ್ತರ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಆಗಿರುತ್ತದೆ: ಸರ್ವರ್ ಬದಲಾಗಿದೆ, ಅದರೊಂದಿಗೆ ಪೈಥಾನ್ ಕೂಡ ಬದಲಾಗಿದೆ.

ಸರ್ವರ್‌ಗಳಲ್ಲಿ ಬಳಸುವ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 18.04 ಆವೃತ್ತಿಯಲ್ಲಿ ಪೈಥಾನ್ 3.6 ಇತ್ತು, 20.04ರಲ್ಲಿ 3.8, 22.04ರಲ್ಲಿ 3.10, 24.04ರಲ್ಲಿ 3.12. ಹೋಸ್ಟಿಂಗ್‌ನವರು ಹಳೆಯ ಯಂತ್ರವನ್ನು ನಿಲ್ಲಿಸುತ್ತೇವೆ ಎಂದು ಮಿಂಚಂಚೆ ಕಳಿಸಿದಾಗ, ಸೈಟನ್ನು ಹಾಗೆಯೇ ಎತ್ತಿ 22.04ರ ಮೇಲೆ ಇಟ್ಟರೆ ಮೊದಲ ಆಜ್ಞೆಗೇ ‘ಕಲೆಕ್ಷನ್ಸ್‌ನಿಂದ ಇಟರೇಟರ್ ಎಂಬ ಹೆಸರನ್ನು ಇಂಪೋರ್ಟ್ ಮಾಡಲಾಗದು’ ಎಂಬ ಅರ್ಥದ ಇಂಪೋರ್ಟ್ ಎರರ್ ಬರುತ್ತದೆ. ಇಟರೇಟರ್, ಮ್ಯಾಪಿಂಗ್ ಮುಂತಾದವು 2012ರಲ್ಲಿ ಬಂದ ಪೈಥಾನ್ 3.3ರಿಂದಲೇ ಕಲೆಕ್ಷನ್ಸ್‌ನ ಒಳಗಿನ ‘ಎಬಿಸಿ’ ಎಂಬ ಮಾಡ್ಯೂಲ್‌ಗೆ ಸರಿದಿದ್ದವು. ಹಳೆಯ ವಿಳಾಸವೂ ನಡೆಯಲಿ ಎಂದು ಇಟ್ಟಿದ್ದ ವ್ಯವಸ್ಥೆಯನ್ನು 2021ರ ಅಕ್ಟೋಬರ್‌ನಲ್ಲಿ ಬಂದ 3.10 ತೆಗೆದುಹಾಕಿತು. ಜ್ಯಾಂಗೊ 1.11ರ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕಟ್ಟುವ ಕಡತ ಇನ್ನೂ ಹಳೆಯ ವಿಳಾಸಕ್ಕೇ ಹೋಗಿ ಕದ ತಟ್ಟುತ್ತದೆ.

ಇಲ್ಲಿ ಹಲವರು ನೇರವಾಗಿ, ಇನ್‌ಸ್ಟಾಲ್ ಆದ ಲೈಬ್ರರಿಗಳು ಇರುವ ಸೈಟ್-ಪ್ಯಾಕೇಜಸ್ ಫೋಲ್ಡರ್‌ಗೆ ಹೋಗಿ ಜ್ಯಾಂಗೊ ಕಡತದಲ್ಲೇ ಆ ಸಾಲನ್ನು ತಿದ್ದುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಸಾಲು ತಿದ್ದಿದರೆ ದೋಷ ಇನ್ನೊಂದು ಕಡತದಲ್ಲಿ ತಲೆ ಎತ್ತುತ್ತದೆ, ಅದನ್ನೂ ತಿದ್ದಿದರೆ ಮೂರನೆಯ ಪಕ್ಷದ ಯಾವುದೋ ಲೈಬ್ರರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟೆಲ್ಲ ಮಾಡಿ ಮುಗಿಸಿದ ಮೇಲೂ ಮುಂದೊಮ್ಮೆ ಯಾರಾದರೂ ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಪಿಪ್ ಪರಿಕರದಿಂದ ಇನ್‌ಸ್ಟಾಲ್ ಮಾಡಿದರೆ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ತಿದ್ದಿದವರು ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ.

24.04ರ ಮೇಲೆ ಇಟ್ಟರೆ ಸಂದೇಶ ಇನ್ನಷ್ಟು ದಾರಿ ತಪ್ಪಿಸುತ್ತದೆ. ಜ್ಯಾಂಗೊ ಒಳಗೆ ‘ಸಿಕ್ಸ್’ ಎಂಬ ಹೊಂದಾಣಿಕೆ ಲೈಬ್ರರಿಯ ಒಂದು ಪ್ರತಿ ಇದೆ, ಪೈಥಾನ್ 2 ಮತ್ತು 3 ಎರಡರಲ್ಲೂ ಒಂದೇ ಕೋಡ್ ಓಡಲಿ ಎಂಬುದು ಅದರ ಉದ್ದೇಶ. ಅದರ ‘ಮೂವ್ಸ್’ ಭಾಗ ಡಿಸ್ಕಿನ ಮೇಲೆ ಪ್ರತ್ಯೇಕ ಕಡತವಾಗಿ ಇರುವುದಿಲ್ಲ, ಇಂಪೋರ್ಟ್ ಮಾಡುವ ಹೊತ್ತಿಗೆ ಸೃಷ್ಟಿಯಾಗುತ್ತದೆ. ಹಾಗೆ ಸೃಷ್ಟಿಸಲು ಅದು ನೆಚ್ಚಿಕೊಂಡಿದ್ದ ಹಳೆಯ ವಿಧಾನವನ್ನು ಪೈಥಾನ್ 3.12 ಕೈಬಿಟ್ಟಿದ್ದರಿಂದ, ‘ಸಿಕ್ಸ್ ಮೂವ್ಸ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ಉತ್ತರ ಬರುತ್ತದೆ. ಇದನ್ನು ಓದಿದವರು ಯಾವುದೋ ಕಡತ ಕಳೆದುಹೋಗಿದೆ ಎಂದುಕೊಂಡು ಜ್ಯಾಂಗೊವನ್ನು ತೆಗೆದು ಮತ್ತೆ ಹಾಕುತ್ತಾರೆ, ಸಿಕ್ಸ್ ಅನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿ ನೋಡುತ್ತಾರೆ. ಜ್ಯಾಂಗೊ ಬಳಸುವುದು ತನ್ನೊಳಗಿನ ಪ್ರತಿಯನ್ನೇ ಆದ ಕಾರಣ ಹೊರಗೆ ಎಷ್ಟು ಹೊಸ ಸಿಕ್ಸ್ ತಂದಿಟ್ಟರೂ ಪ್ರಯೋಜನವಿಲ್ಲ.

ಎರಡಕ್ಕೂ ಸರಿಯಾದ ಪರಿಹಾರ ಒಂದೇ: ಈ ಆವೃತ್ತಿಗೆ ಅದು ಒಪ್ಪುವ ಪೈಥಾನನ್ನೇ ಕೊಡುವುದು. ಅಧಿಕೃತವಾಗಿ ಜ್ಯಾಂಗೊ 1.11 ಬೆಂಬಲಿಸುವುದು 2.7, 3.4, 3.5, 3.6 ಮತ್ತು 3.7 ಆವೃತ್ತಿಗಳನ್ನು. 3.7ರ ವಿಷಯದಲ್ಲಿ ಒಂದು ಷರತ್ತಿದೆ, ಅದನ್ನು ತಿಳಿಯದೆ ತಲೆಕೆಡಿಸಿಕೊಂಡವರು ಅನೇಕರು. 1.11.17ಕ್ಕಿಂತ ಹಿಂದಿನ ಬಿಡುಗಡೆಗಳನ್ನು 3.7ರಲ್ಲಿ ಓಡಿಸಿದರೆ ಅಡ್ಮಿನ್ ವಿಭಾಗದ ‘ವಿಜೆಟ್ಸ್’ ಕಡತದಲ್ಲಿ ‘ಜನರೇಟರ್ ಎಕ್ಸ್‌ಪ್ರೆಶನ್ ಅನ್ನು ಆವರಣದೊಳಗೆ ಇಡಬೇಕು’ ಎಂಬ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಕಡತವನ್ನು ತೆರೆದು ನೋಡಿದರೆ ಕಾಣುವ ಕಾರಣ ಒಂದೇ ಒಂದು ಅಲ್ಪವಿರಾಮ: ಯುಆರ್‌ಎಲ್‌ನ ನಿಯತಾಂಕಗಳನ್ನು ಜೋಡಿಸುವ ಸಾಲಿನ ಕೊನೆಯಲ್ಲಿ ಅನವಶ್ಯಕವಾಗಿ ಉಳಿದಿದ್ದ ಕಾಮಾ. ಹಿಂದಿನ ಪೈಥಾನ್‌ಗಳು ಅದನ್ನು ನೋಡಿಯೂ ನೋಡದಂತೆ ಬಿಟ್ಟಿದ್ದವು, 2018ರ 3.7 ಬಿಡಲಿಲ್ಲ. 1.11 ಸರಣಿಯ ಕೊನೆಯ ಬಿಡುಗಡೆಯಾದ 1.11.29ಕ್ಕೆ ಏರಿದರೆ ಇದು ತಾನಾಗಿ ಹೋಗುತ್ತದೆ, ಕೋಡಿನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ. ಈ ಸರಣಿಯಲ್ಲಿ ಯಾರಾದರೂ ಇದ್ದರೆ ಅವರು ಇರಬೇಕಾದ ಜಾಗ 1.11.29 ಮಾತ್ರ, ಅದಕ್ಕಿಂತ ಹಿಂದೆ ಇರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಳೆಯ ಪೈಥಾನನ್ನು ತರುವುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್ ಎಸ್‌ಎಸ್‌ಎಲ್ 3 ಇರುವ ಯಂತ್ರದಲ್ಲಿ 3.6 ಅನ್ನು ಮೂಲದಿಂದ ಕಂಪೈಲ್ ಮಾಡಲು ಹೋದರೆ ಎಸ್‌ಎಸ್‌ಎಲ್ ಮಾಡ್ಯೂಲ್ ಕಟ್ಟಿಕೊಳ್ಳದೆ ಉಳಿಯಬಹುದು, ಆಗ ಪೈಥಾನ್ ಸಿದ್ಧವಾದರೂ ಪಿಪ್‌ಗೆ ಇಂಟರ್ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳಲು ಆಗುವುದಿಲ್ಲ. ನಾನು, ತಂತ್ರಾಂಶವನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಪ್ರತ್ಯೇಕವಾಗಿ ಓಡಿಸುವ ಡಾಕರ್‌ನ ಸಿದ್ಧ ಇಮೇಜ್ ಬಳಸುವ ದಾರಿಯನ್ನೇ ಶಿಫಾರಸು ಮಾಡುತ್ತೇನೆ. ಅಲ್ಲಿಯೂ ಒಂದು ಕೊಕ್ಕೆ ಇದೆ: ಇಮೇಜ್‌ನ ತಳದಲ್ಲಿರುವ ಡೆಬಿಯನ್ ಸ್ಟ್ರೆಚ್‌ನಂಥ ಹಳೆಯ ಬಿಡುಗಡೆಯ ಪ್ಯಾಕೇಜುಗಳು ಈಗ ಡೆಬಿಯನ್‌ನ ಆರ್ಕೈವ್ ಸರ್ವರ್‌ಗೆ ಸರಿದಿರುವುದರಿಂದ, ವಿಳಾಸ ತಿದ್ದದೆ ಆಪ್ಟ್ ಅಪ್‌ಡೇಟ್ ಮಾಡಿದರೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಬರುತ್ತದೆ.

ಇನ್ನು ಜೊತೆಗಾರ ಲೈಬ್ರರಿಗಳು. ನನ್ನ ಬಳಿ ಬರುವ ಸೈಟುಗಳ, ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಜ್ಯಾಂಗೊ ಮುಂದೆ ಮಾತ್ರ ಆವೃತ್ತಿಯ ಸಂಖ್ಯೆ ಇರುತ್ತದೆ, ಉಳಿದವುಗಳ ಮುಂದೆ ಏನೂ ಇರುವುದಿಲ್ಲ. ಪಿಪ್ ಆಗ ಪ್ರತಿಯೊಂದರ ಇತ್ತೀಚಿನದನ್ನು ತಂದು ಕೊಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗೆ ಇದು ಕೊಡುವ ಏಟು ಬಹಳ ಪ್ರಸಿದ್ಧ. 2021ರ ಜೂನ್‌ನಲ್ಲಿ ಬಂದ, ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೋಪಿಜಿ2 ಲೈಬ್ರರಿಯ 2.9 ಆವೃತ್ತಿ ಸಮಯವಲಯವನ್ನು ನಿರ್ವಹಿಸುವ ರೀತಿಯನ್ನು ಬದಲಿಸಿತು. ಅದರೊಂದಿಗೆ ಓಡಿದ ಹಳೆಯ ಜ್ಯಾಂಗೊ ‘ಡೇಟಾಬೇಸ್ ಸಂಪರ್ಕವು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯ) ಹೊಂದಿಕೊಂಡಿಲ್ಲ’ ಎಂಬ ಅಸರ್ಶನ್ ಎರರ್ ಕೊಟ್ಟು ನಿಲ್ಲುತ್ತದೆ. ಸಂದೇಶ ಓದಿದವರು ಸಹಜವಾಗಿಯೇ ಸೆಟ್ಟಿಂಗ್ಸ್‌ನಲ್ಲಿರುವ ಏಷ್ಯಾ ಕೋಲ್ಕತ್ತಾ ಎಂಬ ಸಮಯವಲಯದ ಮೇಲೆ ಅನುಮಾನಪಟ್ಟು ಅದನ್ನು ಯುಟಿಸಿ ಮಾಡುತ್ತಾರೆ, ಪೋಸ್ಟ್‌ಗ್ರೆಸ್‌ನ ಸಂರಚನೆಯನ್ನು ಕೆದಕುತ್ತಾರೆ, ಸರ್ವರ್‌ನ ಗಡಿಯಾರವನ್ನೂ ಬಿಡುವುದಿಲ್ಲ. ಮಾಡಬೇಕಾದದ್ದು ಇಷ್ಟೆ: ಸೈಕೋಪಿಜಿ2 ಅನ್ನು 2.9ಕ್ಕಿಂತ ಕೆಳಗಿನ ಆವೃತ್ತಿಗೆ ಕಟ್ಟಿಹಾಕುವುದು. ಅದೇ ರೀತಿ 2021ರಲ್ಲಿ ಬಂದ, ಪ್ಯಾಕೇಜುಗಳನ್ನು ಕಟ್ಟುವ ಪರಿಕರವಾದ ಸೆಟಪ್‌ಟೂಲ್ಸ್ 58, ಪೈಥಾನ್ 2ರ ಕೋಡನ್ನು 3ಕ್ಕೆ ತಾನಾಗಿ ತಿರುಗಿಸುತ್ತಿದ್ದ ಸೌಲಭ್ಯವನ್ನು ತೆಗೆದುಹಾಕಿದ್ದರಿಂದ, ಅದನ್ನು ನೆಚ್ಚಿಕೊಂಡಿದ್ದ ಹಳೆಯ ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವುದೇ ಇಲ್ಲ. ಸೆಟಪ್‌ಟೂಲ್ಸ್ ಅನ್ನೂ 58ಕ್ಕಿಂತ ಕೆಳಗೆ ಇಡಬೇಕಾಗುತ್ತದೆ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಅದನ್ನು ಆರಿಸುವ ಮೊದಲು ಅದರ ಮೇಲೆ ಪಿಪ್ ಫ್ರೀಜ್ ಓಡಿಸಿ ಬರುವ ಆವೃತ್ತಿಗಳ ಪಟ್ಟಿಯನ್ನು ಜೋಪಾನ ಮಾಡಿಕೊಂಡರೆ ಈ ಅಲೆದಾಟದ ಅರ್ಧ ಉಳಿಯುತ್ತದೆ.

ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯುಲೈಟ್ ಎಂಬ ಒಂದೇ ಕಡತದ ಡೇಟಾಬೇಸ್ ಬಳಸುತ್ತಿದ್ದರೆ ಬೇರೊಂದು ವಿಚಿತ್ರ ಎದುರಾಗುತ್ತದೆ. ಡೇಟಾಬೇಸ್‌ನ ರಚನೆಯನ್ನು ಕೋಡಿಗೆ ಹೊಂದಿಸುವ ಮೈಗ್ರೇಟ್ ಆಜ್ಞೆ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ, ಸೂಪರ್‌ಯೂಸರ್ ಸೃಷ್ಟಿಯಾಗುತ್ತಾನೆ, ಅಡ್ಮಿನ್ ತೆರೆಯುತ್ತದೆ. ಹೊಸ ದಾಖಲೆ ಸೇರಿಸಿ ಸೇವ್ ಒತ್ತಿದಾಗ ಮಾತ್ರ ‘ಆಥ್ ಯೂಸರ್ ಓಲ್ಡ್’ ಎಂಬ ಟೇಬಲ್ ಇಲ್ಲ ಎಂದು ಹೇಳುತ್ತದೆ. ಅಂಥ ಹೆಸರಿನ ಟೇಬಲನ್ನು ಯಾರೂ ಎಂದೂ ಸೃಷ್ಟಿಸಿರುವುದಿಲ್ಲ! ಎಸ್‌ಕ್ಯುಲೈಟ್‌ನಲ್ಲಿ ಕಾಲಮ್ ಬದಲಿಸಬೇಕಾದಾಗ ಜ್ಯಾಂಗೊ ಮೂಲ ಟೇಬಲ್‌ಗೆ ‘ಓಲ್ಡ್’ ಎಂಬ ಬಾಲ ಸೇರಿಸಿ ಹೆಸರು ಬದಲಿಸಿ, ಹೊಸದನ್ನು ಕಟ್ಟಿ, ದತ್ತಾಂಶ ಸಾಗಿಸಿ, ಹಳೆಯದನ್ನು ಅಳಿಸುತ್ತಿತ್ತು. 2018ರ ಡಿಸೆಂಬರ್‌ನಲ್ಲಿ ಬಂದ ಎಸ್‌ಕ್ಯುಲೈಟ್ 3.26, ಟೇಬಲ್‌ನ ಹೆಸರು ಬದಲಾದರೆ ಅದನ್ನು ಉಲ್ಲೇಖಿಸುವ ಇತರ ಟೇಬಲ್‌ಗಳ ಫಾರಿನ್ ಕೀಗಳನ್ನೂ ಹೊಸ ಹೆಸರಿಗೆ ತಿದ್ದತೊಡಗಿತು. ಹೀಗಾಗಿ ಅವೆಲ್ಲ ಆಮೇಲೆ ಅಳಿದುಹೋಗುವ ತಾತ್ಕಾಲಿಕ ಟೇಬಲ್‌ಗೆ ಬೆರಳು ತೋರಿಸುತ್ತ ಉಳಿದವು. ಜ್ಯಾಂಗೊ 2.0.10 ಮತ್ತು 2.1.5ರಲ್ಲಿ ಇದಕ್ಕೆ ಪರಿಹಾರ ಬಂತು, 1.11ಕ್ಕೆ ಬರಲಿಲ್ಲ. ಇಲ್ಲಿ ನನ್ನ ಸಲಹೆ, ಲ್ಯಾಪ್‌ಟಾಪ್‌ನಲ್ಲೂ ಸರ್ವರ್‌ನಲ್ಲಿರುವ ಡೇಟಾಬೇಸನ್ನೇ ಬಳಸಿ. ಈಗಾಗಲೇ ಕೆಟ್ಟುಹೋದ ಎಸ್‌ಕ್ಯುಲೈಟ್ ಕಡತವನ್ನು ಸರಿಪಡಿಸುವುದಕ್ಕಿಂತ ಹೊಸದಾಗಿ ಸೃಷ್ಟಿಸುವುದು ಲೇಸು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೂಗಿ ಹೇಳುವ ದೋಷಗಳು. ಟ್ರೇಸ್‌ಬ್ಯಾಕ್‌ನ ಕೊನೆಯ ಸಾಲನ್ನು ಓದಿ, ಅಲ್ಲಿಂದ ಮೇಲಕ್ಕೆ ಹೋಗುತ್ತ ಕಡತದ ದಾರಿ ನಮ್ಮ ಪ್ರಾಜೆಕ್ಟಿನದೋ ಸೈಟ್-ಪ್ಯಾಕೇಜಸ್‌ನದೋ ಎಂದು ಗುರುತಿಸಿದರೆ ಹೆಚ್ಚಿನವು ಬಗೆಹರಿಯುತ್ತವೆ. ಈ ವಿಷಯದಲ್ಲಿ ಜ್ಯಾಂಗೊಗೆ ಪೂರ್ಣ ಅಂಕ ಕೊಡಬೇಕು. ಪ್ರತಿ ಹಂತದ ಸ್ಥಳೀಯ ವೇರಿಯಬಲ್‌ಗಳನ್ನೂ ಬಿಡಿಸಿ ತೋರಿಸುವ ಅದರ ಡೀಬಗ್ ಪುಟ ಇಂದಿಗೂ ನನಗೆ ಮೆಚ್ಚುಗೆ. ಆದರೆ ಸಾರ್ವಜನಿಕ ಸರ್ವರ್‌ನಲ್ಲಿ ಅದನ್ನು ತೆರೆದಿಡುವುದೆಂದರೆ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟಂತೆ, ಅಲ್ಲಿ ಲಾಗ್ ಕಡತವೇ ಗತಿ. ಮೌನವಾಗಿ ಬರುವ ತೊಂದರೆಗಳ ಮುಂದೆ ಮಾತ್ರ ಈ ಆವೃತ್ತಿ ನಮ್ಮ ಕೈಬಿಡುತ್ತದೆ.

ಅವುಗಳಲ್ಲಿ ಪ್ರಾಯೋಗಿಕವಾಗಿ ಅತಿ ಹೆಚ್ಚು ಕಾಡುವುದು ಹಣ ಪಾವತಿಯ ಸಂದರ್ಭದ್ದು. ಚಂದಾದಾರರು ಲಾಗಿನ್ ಆಗಿ, ಪೇಮೆಂಟ್ ಗೇಟ್‌ವೇಗೆ ಹೋಗಿ, ಹಣ ಕಟ್ಟಿ, ನಮ್ಮ ಸೈಟಿಗೆ ಮರಳಿದಾಗ ಲಾಗಿನ್ ಪುಟ ಎದುರಾಗುತ್ತದೆ. ಹಣ ಹೋಗಿದೆ, ರಸೀದಿ ಇಲ್ಲ. ಲಾಗ್ ಕಡತದಲ್ಲಿ ಒಂದು ಎರರ್ ಕೂಡ ಕಾಣದು. 2020ರಲ್ಲಿ ಕ್ರೋಮ್ ಬ್ರೌಸರ್, ಸೇಮ್‌ಸೈಟ್ ಎಂಬ ಗುಣ ನಮೂದಾಗಿರದ ಕುಕಿಗಳನ್ನು (ಬ್ರೌಸರ್ ನೆನಪಿಟ್ಟುಕೊಂಡು ಸೈಟಿಗೆ ಮರಳಿಸುವ ಸಣ್ಣ ಗುರುತುಗಳು) ‘ಲ್ಯಾಕ್ಸ್’ ಎಂದು ಪರಿಗಣಿಸಲು ಆರಂಭಿಸಿತು. ಅಂದರೆ ಬೇರೊಂದು ಸೈಟಿನಿಂದ ಪೋಸ್ಟ್ (ಫಾರ್ಮ್ ಸಲ್ಲಿಸುವ) ವಿಧಾನದಲ್ಲಿ ಬರುವ ಕೋರಿಕೆಯ ಜೊತೆ ಆ ಕುಕಿಗಳನ್ನು ಅದು ಕಳಿಸುವುದಿಲ್ಲ. ಗೇಟ್‌ವೇ ನಮ್ಮಲ್ಲಿಗೆ ಬಳಕೆದಾರರನ್ನು ಮರಳಿಸುವುದು ಪೋಸ್ಟ್ ಮೂಲಕವಾದರೆ ಲಾಗಿನ್ ಗುರುತಾದ ಸೆಷನ್ ಕುಕಿ ಬರುವುದಿಲ್ಲ, ಜ್ಯಾಂಗೊಗೆ ಎದುರಿಗಿರುವವರು ಅಪರಿಚಿತರಾಗಿ ಕಾಣುತ್ತಾರೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಾಗಲು ಕ್ರೋಮ್ ಇಟ್ಟ ಒಂದು ವಿನಾಯಿತಿ ಕಾರಣ: ಹೊಂದಿಸಿ ಎರಡು ನಿಮಿಷ ದಾಟಿರದ ಕುಕಿಯನ್ನು ಅದು ಪೋಸ್ಟ್ ಜೊತೆಗೂ ಕಳಿಸುತ್ತದೆ. ಪರೀಕ್ಷೆ ಮಾಡುವ ಡೆವಲಪರ್ ಲಾಗಿನ್ ಆಗಿ ಸರಸರನೆ ಒಂದು ರೂಪಾಯಿ ಪಾವತಿಸಿ ನೋಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಚಂದಾದಾರರು ಒಟಿಪಿಗಾಗಿ ಫೋನ್ ಹುಡುಕಿ, ಕನ್ನಡಕ ಹಾಕಿಕೊಂಡು, ಸಂಖ್ಯೆ ತುಂಬುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ.

ಸೇಮ್‌ಸೈಟ್‌ಗಾಗಿ ಸೆಟ್ಟಿಂಗ್ ಬಂದದ್ದು ಜ್ಯಾಂಗೊ 2.1ರಲ್ಲಿ. ನಮಗೆ ಇಲ್ಲಿ ಬೇಕಾದ ‘ನನ್’ (None, ಅಂದರೆ ಬೇರೆ ಸೈಟಿನಿಂದ ಬಂದರೂ ಕುಕಿ ಕಳಿಸು) ಎಂಬ ಮೌಲ್ಯವನ್ನು ಸೆಟ್ಟಿಂಗ್ ಮೂಲಕ ಕೊಡುವ ಅವಕಾಶ 3.1ರಲ್ಲಿ ಬಂತು. 1.11ರಲ್ಲಿ ಎರಡೂ ಇಲ್ಲ. ಕೋರಿಕೆ, ಉತ್ತರಗಳ ನಡುವೆ ನಿಲ್ಲುವ ಸ್ವಂತ ಮಿಡಲ್‌ವೇರ್ ಬರೆದು ಕುಕಿಗೆ ಆ ಗುಣ ಸೇರಿಸೋಣ ಎಂದರೆ, 3.8ಕ್ಕಿಂತ ಹಿಂದಿನ ಪೈಥಾನ್‌ನ ಕುಕಿ ಮಾಡ್ಯೂಲ್‌ಗೆ ಸೇಮ್‌ಸೈಟ್ ಎಂಬ ಹೆಸರೇ ಗೊತ್ತಿಲ್ಲದ ಕಾರಣ ಅದು ಅಮಾನ್ಯ ಗುಣ ಎಂದು ಕುಕಿ ಎರರ್ ಎತ್ತುತ್ತದೆ. ಆ ಮಾಡ್ಯೂಲ್‌ನ ಮಾನ್ಯ ಹೆಸರುಗಳ ಪಟ್ಟಿಗೆ ಮೊದಲು ಇದನ್ನು ಸೇರಿಸಿ ನಂತರ ಮಿಡಲ್‌ವೇರ್ ಓಡಿಸಬೇಕು, ಇಲ್ಲವೇ ಮುಂದಿರುವ ವೆಬ್ ಸರ್ವರ್ ಎನ್‌ಜಿನ್ಎಕ್ಸ್‌ನಲ್ಲೇ ಕುಕಿಗೆ ಗುಣವನ್ನು ಅಂಟಿಸಬೇಕು. ‘ನನ್’ ಕೊಟ್ಟ ಮೇಲೆ ‘ಸೆಕ್ಯೂರ್’ ಕೂಡ ಕಡ್ಡಾಯ, ಆದ್ದರಿಂದ ಎಚ್‌ಟಿಟಿಪಿಎಸ್ ಇಲ್ಲದ ಸೈಟಿಗೆ ಈ ದಾರಿಯೂ ಮುಚ್ಚಿದೆ. ಸೆಷನ್ ಕುಕಿಯನ್ನು ನೆಚ್ಚದೆ, ಗೇಟ್‌ವೇ ಕಳಿಸುವ ಆರ್ಡರ್ ಸಂಖ್ಯೆ ಮತ್ತು ಸಹಿಯನ್ನು ಪರಿಶೀಲಿಸಿ ರಸೀದಿ ಹಾಕುವಂತೆ ವ್ಯೂ ಅನ್ನು ಬದಲಿಸುವುದು ಇವೆಲ್ಲಕ್ಕಿಂತ ಗಟ್ಟಿ.

ಕನ್ನಡದ ಸೈಟುಗಳಿಗೆ ಸಂಬಂಧಿಸಿದ ಎರಡು ಮಾತುಗಳನ್ನು ಸೇರಿಸಬೇಕು. 1.11 ಅನ್ನು ಪೈಥಾನ್ 2.7ರ ಮೇಲೆ ಓಡಿಸುತ್ತಿರುವವರು ‘ಆಸ್ಕಿ ಕೋಡೆಕ್‌ಗೆ ಇ0 ಬೈಟನ್ನು ಡಿಕೋಡ್ ಮಾಡಲಾಗದು’ ಎಂಬ ದೂರನ್ನು ಖಂಡಿತ ಕಂಡಿರುತ್ತಾರೆ. ಪಠ್ಯವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್‌ಗಳಿದ್ದು ಮೊದಲನೆಯದು ಇ0 ಆಗಿರುವುದರಿಂದ, ಆ ಎರಡು ಅಕ್ಷರ ಕಂಡರೆ ಯಾವುದೋ ಕನ್ನಡ ಪಠ್ಯ ಯೂನಿಕೋಡ್ ಆಗದೆ ಬರಿಯ ಬೈಟುಗಳಾಗಿ ಒಳಗೆ ನುಗ್ಗಿದೆ ಎಂದು ತಿಳಿಯಬಹುದು. ಮಾದರಿಗಳಲ್ಲಿ (ದತ್ತಾಂಶದ ರಚನೆಯನ್ನು ಹೇಳುವ ಮಾಡೆಲ್‌ಗಳು) ‘ಯೂನಿಕೋಡ್’ ವಿಧಾನದ ಬದಲು ‘ಎಸ್‌ಟಿಆರ್’ ಬರೆದಿರುವ ಕಡೆಗಳಲ್ಲಿ ಮೊದಲು ಹುಡುಕಿ. ಪೈಥಾನ್ 3ಕ್ಕೆ ಹೋದರೆ ಈ ವರ್ಗದ ದೂರುಗಳು ಬಹುತೇಕ ನಿಲ್ಲುತ್ತವೆ.

ಎರಡನೆಯದನ್ನು ಹಳೆಯ ಆವೃತ್ತಿಯ ತಲೆಗೆ ಕಟ್ಟುವುದು ಅನ್ಯಾಯ. ಲೇಖನದ ಶೀರ್ಷಿಕೆಯಿಂದ ಸ್ಲಗ್ (ಪುಟದ ವಿಳಾಸದಲ್ಲಿ ಬಳಸುವ ಹೆಸರು) ತಯಾರಿಸುವ ಸ್ಲಗಿಫೈ, ಯೂನಿಕೋಡ್‌ಗೆ ಅನುಮತಿ ಕೊಡದಿದ್ದರೆ ಕನ್ನಡವನ್ನೆಲ್ಲ ಅಳಿಸಿ ಖಾಲಿ ಸಾಲು ಕೊಡುತ್ತದೆ, ಆ ಪುಟದ ಕೊಂಡಿ ಕಟ್ಟುವಾಗ ‘ನೋ ರಿವರ್ಸ್ ಮ್ಯಾಚ್’ ಎಂಬ ದೋಷ ಬರುತ್ತದೆ. ಅನುಮತಿ ಕೊಟ್ಟರೆ ‘ಬೆಂಗಳೂರು’ ಎಂಬುದು ‘ಬಗಳರ’ ಆಗುತ್ತದೆ, ‘ಕನ್ನಡ’ ಎಂಬುದು ‘ಕನನಡ’ ಆಗುತ್ತದೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್, ಸ್ವರಚಿಹ್ನೆಗಳನ್ನೂ ಅನುಸ್ವಾರವನ್ನೂ ಅರ್ಧಾಕ್ಷರದ ಚಿಹ್ನೆಯಾದ ವಿರಾಮವನ್ನೂ ಪದದ ಅಕ್ಷರಗಳೆಂದು ಎಣಿಸುವುದಿಲ್ಲ, ಆದ್ದರಿಂದ ಸ್ಲಗಿಫೈ ಅವುಗಳನ್ನು ಕತ್ತರಿಸಿ ಎಸೆಯುತ್ತದೆ. ಜ್ಯಾಂಗೊವನ್ನು ಎಷ್ಟು ಹೊಸದಕ್ಕೆ ಏರಿಸಿದರೂ ಇದು ಹೋಗುವುದಿಲ್ಲ. ಲಿಪ್ಯಂತರ ಮಾಡಿದ ಸ್ಲಗ್ ಅಥವಾ ಬರಿಯ ಸಂಖ್ಯೆಯನ್ನು ಬಳಸುವುದೇ ಮೇಲು.

ಈ ಆವೃತ್ತಿಯ ಬಗ್ಗೆ ನನಗಿರುವ ನಿಜವಾದ ಆಕ್ಷೇಪ ಬೇರೆಯದು. ಮುಂದೆ ತೆಗೆದುಹಾಕಲಿರುವ ಸೌಲಭ್ಯಗಳ ಕುರಿತ ಎಚ್ಚರಿಕೆಗಳನ್ನು ಹಿಂದಿನ ಜ್ಯಾಂಗೊಗಳು ಕೇಳದೆಯೇ ತೋರಿಸುತ್ತಿದ್ದವು. 1.11ರಿಂದ ಅವು ಮೌನವಾದವು. ಪೈಥಾನ್‌ಗೆ ಡಬ್ಲ್ಯೂಡಿ (-Wd) ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಮಾತ್ರ ಅವು ಕಾಣುತ್ತವೆ, ಆ ಆಯ್ಕೆ ಇದೆ ಎಂಬುದು ಬಿಡುಗಡೆ ಟಿಪ್ಪಣಿ ಓದುವವರಿಗೆ ಮಾತ್ರ ಗೊತ್ತು. ಪೈಥಾನ್ 2ರ ಜನ ಗುಂಪುಗುಂಪಾಗಿ ಬಂದು ತಂಗಿದ್ದ ಆವೃತ್ತಿಯಲ್ಲೇ ಎಚ್ಚರಿಕೆಗಳನ್ನು ಮರೆಮಾಡಿದ್ದು ಒಳ್ಳೆಯ ತೀರ್ಮಾನವಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಭದ್ರತೆಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಪಾಸ್‌ವರ್ಡ್ ಮರುಹೊಂದಿಸುವ ಫಾರ್ಮ್ ಮೂಲಕ, ನೋಟಕ್ಕೆ ಒಂದೇ ರೀತಿ ಕಾಣುವ ಯೂನಿಕೋಡ್ ಅಕ್ಷರಗಳ ಮಿಂಚಂಚೆ ಬಳಸಿ ಬೇರೆಯವರ ಖಾತೆಯನ್ನು ವಶಪಡಿಸಿಕೊಳ್ಳಬಹುದಾಗಿದ್ದ ದೋಷ 2019ರ ಡಿಸೆಂಬರ್‌ನಲ್ಲಿ 1.11.27ರಲ್ಲಿ ಸರಿಹೋಯಿತು. 2020ರ ಏಪ್ರಿಲ್ ನಂತರ ಕಂಡುಬಂದ ಇಂಥ ಯಾವುದಕ್ಕೂ ಅಧಿಕೃತ ತಿದ್ದುಪಡಿ ಈ ಸರಣಿಗೆ ಬಂದಿಲ್ಲ. ಸದಸ್ಯರ ವಿಳಾಸ, ಹಣದ ವಿವರ ಇರುವ ಸೈಟನ್ನು ಸಾರ್ವಜನಿಕ ಇಂಟರ್ನೆಟ್‌ನಲ್ಲಿ ಇದರ ಮೇಲೆ ಓಡಿಸಬಾರದು. ಕಚೇರಿಯ ಒಳಜಾಲದಲ್ಲಿ ಮಾತ್ರ ತೆರೆಯುವ, ವರ್ಷಕ್ಕೊಮ್ಮೆ ಬಳಸುವ ದಾಖಲಾತಿ ವ್ಯವಸ್ಥೆಯಾದರೆ ಡಾಕರ್‌ನೊಳಗೆ ಹಾಗೆಯೇ ಇಟ್ಟುಕೊಳ್ಳಬಹುದು. ಅಂಕ ಕೊಡಲೇಬೇಕೆಂದರೆ ಮೊದಲನೆಯ ಬಳಕೆಗೆ ಐದಕ್ಕೆ ಒಂದು, ಎರಡನೆಯದಕ್ಕೆ ಮೂರೂವರೆ.

ಮೇಲೇರಲು ನಿರ್ಧರಿಸಿದವರು ಒಂದು ದೀರ್ಘಾವಧಿ ಆವೃತ್ತಿಯಿಂದ ಮುಂದಿನದಕ್ಕೆ, ಅಂದರೆ 1.11ರಿಂದ 2.2, ಅಲ್ಲಿಂದ 3.2, ಅಲ್ಲಿಂದ 4.2 ಮತ್ತು 5.2 ಎಂದು ಹೋಗುವುದು ಕ್ಷೇಮ. ಪೈಥಾನ್ 3ಕ್ಕೆ ಬರುವ ಕೆಲಸವನ್ನು 1.11ರಲ್ಲಿರುವಾಗಲೇ ಮುಗಿಸಿ, ಎರಡೂ ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಡಿ. ಮೊದಲ ಮೆಟ್ಟಿಲಿನಲ್ಲೇ ಹೆಚ್ಚಿನ ದೋಷಗಳು ಎದುರಾಗುತ್ತವೆ. ‘ಕೋರ್ ಯುಆರ್‌ಎಲ್ ರಿಸಾಲ್ವರ್ಸ್’ ಮಾಡ್ಯೂಲ್ 2.0ರಲ್ಲಿ ಇಲ್ಲ, ಅದರ ಬದಲು ‘ಯುಆರ್‌ಎಲ್ಸ್’ ಬಳಸಬೇಕು. ‘ಈಸ್ ಅಥೆಂಟಿಕೇಟೆಡ್’ ಮುಂದಿನ ಆವರಣ ಚಿಹ್ನೆಗಳನ್ನು ತೆಗೆಯಬೇಕು. ಮಿಡಲ್‌ವೇರ್ ಪಟ್ಟಿಯ ಹಳೆಯ ಹೆಸರನ್ನು ಬದಲಿಸಬೇಕು. ಪ್ರತಿ ಫಾರಿನ್ ಕೀಗೂ ‘ಆನ್ ಡಿಲೀಟ್’ ಕಡ್ಡಾಯವಾಗಿ ಬರೆಯಬೇಕು. ಇದನ್ನು ಮಾದರಿಗಳಲ್ಲಿ ಸೇರಿಸಿದ ಮೇಲೂ ಅದೇ ದೋಷ ಮತ್ತೆ ಬಂದರೆ ಗಾಬರಿಯಾಗಬೇಡಿ, ವರ್ಷಗಳ ಹಿಂದೆ ಬರೆದು ಮರೆತ, ಡೇಟಾಬೇಸ್ ಬದಲಾವಣೆಗಳನ್ನು ದಾಖಲಿಸುವ ಮೈಗ್ರೇಶನ್ ಕಡತಗಳಲ್ಲಿರುವ ಫಾರಿನ್ ಕೀಗಳಿಗೂ ಅದನ್ನು ಸೇರಿಸಬೇಕು. ಅವೇ ಕಡತಗಳಲ್ಲಿ ಪೈಥಾನ್ 2 ಬಿಟ್ಟುಹೋದ ಬೈಟ್ ಸ್ಟ್ರಿಂಗ್‌ಗಳು, ಉದ್ಧರಣ ಚಿಹ್ನೆಯ ಮುಂದೆ ‘ಬಿ’ ಅಂಟಿಕೊಂಡವು, ಇದ್ದರೆ ಆ ‘ಬಿ’ಯನ್ನು ಆಗಲೇ ತೆಗೆದುಬಿಡಿ. ಇಲ್ಲದಿದ್ದರೆ ಮಾದರಿಯಲ್ಲಿ ಏನೂ ಬದಲಾಗದಿದ್ದರೂ ಮೇಕ್‌ಮೈಗ್ರೇಶನ್ಸ್ ಹೊಸ ಮೈಗ್ರೇಶನ್ ಒಂದನ್ನು ಬರೆದು ಕೈಗಿಡುತ್ತದೆ.